ಪೆಟ್ಟಿಗೆ ಹಾಡಬಾರದು

ಪ್ರಶ್ನೆ: ನಾನು ಶಿಡ್ಲಘಟ್ಟದವನು, ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸ. ಸಂಜೆ ಹರಿಕಥೆ, ನಾಗಸ್ವರ, ಹಳೆಯ ಚಿತ್ರಗೀತೆ ಕೇಳದೆ ಮಲಗುವವನಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕೆಳಸ್ವರಕ್ಕೆ ಆರೂವರೆ ಇಂಚಿನ ಎರಡು ವೂಫರ್, ಮೇಲಿನ ಸ್ವರಕ್ಕೆ ಎರಡು ಟ್ವೀಟರ್ ತಂದೆ. ನಮ್ಮ ಆಚಾರ್ರ ಹತ್ತಿರ 12 ಎಂಎಂ ಪ್ಲೈವುಡ್‌ನಲ್ಲಿ ಎರಡು ಬಾಕ್ಸ್ ಮಾಡಿಸಿದೆ. ಒಂದೊಂದು ಸುಮಾರು 40 ಲೀಟರ್. ಅಂಗಡಿಯವರು ಹೇಳಿದ ಹಾಗೆ ಮುಂದೆ 10 ಸೆಂ.ಮೀ. ಅಗಲದ ತೂತು ಕೊರೆಸಿದೆ, ಟ್ವೀಟರ್‌ಗೆ ಒಂದು ಕೆಪಾಸಿಟರ್ ಹಾಕಿದೆ. ಮೃದಂಗದ ಪ್ರತಿ ಪೆಟ್ಟೂ ಒಂದೇ ಥರ ಗುಂ ಅನ್ನುತ್ತದೆ. ಮಾತು ಗುಡಾಣದೊಳಗಿಂದ ಬಂದ ಹಾಗಿದೆ. ವೂಫರ್ ಚೀಟಿಯಲ್ಲಿ ಎಫ್‌ಎಸ್ 40 ಹರ್ಟ್ಸ್, ಕ್ಯೂಟಿಎಸ್ 0.38, ವಾಸ್ 30 ಲೀಟರ್, 8 ಓಮ್, ಸದ್ದಿನ ಜೋರು 87 ಡಿಬಿ ಅಂತಿದೆ. ಟ್ವೀಟರ್ 91 ಡಿಬಿ. ಮನೆ ಹಳೆಯದು, ಕಲ್ಲು ಚಪ್ಪಡಿ ಮಾಡು, ಹಾಲ್ 10ಕ್ಕೆ 14 ಅಡಿ. ವೀಣೆ, ಮೃದಂಗ ಎಲ್ಲ ಹಲಸಿನ ಮರದಲ್ಲೇ ಮಾಡುತ್ತಾರಲ್ಲ, ಈ ಸಲ ಹಲಸಿನ ಹಲಗೆಯಲ್ಲೇ ಬಾಕ್ಸ್ ಮಾಡಿಸಲೇ? ಇನ್ನೂ ಜಾಸ್ತಿ ವ್ಯಾಟ್‌ನ ಆಂಪ್ಲಿಫೈಯರ್ ಬೇಕಾ? ಈಗಿರುವುದು 40 ವ್ಯಾಟ್.

ಉತ್ತರ: ಹಲಸಿನ ಹಲಗೆ ಬೇಡ. ದೊಡ್ಡ ಆಂಪ್ಲಿಫೈಯರೂ ಬೇಡ. ನೀವು ತಂದಿರುವ ವೂಫರ್ ಒಳ್ಳೆಯದೇ. ಚೀಟಿಯ ಸಂಖ್ಯೆ ನೋಡಿದರೆ ಗೊತ್ತಾಗುತ್ತದೆ. ಕೆಟ್ಟಿರುವುದು ಅದು ಕೂತಿರುವ ಜಾಗ.

ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ಎರಡು ಹಳೆಯ ಟವೆಲ್ ಸುರುಳಿ ಸುತ್ತಿ ಎರಡೂ ಬಾಕ್ಸ್‌ನ ತೂತಿಗೆ ಬಿಗಿಯಾಗಿ ತುರುಕಿ. ಅದೇ ಹಾಡು ಮತ್ತೆ ಹಾಕಿ. ಗುಂ ಅನ್ನುವುದು ತುಂಬಾ ಕಡಿಮೆಯಾಗಿರುತ್ತದೆ. ಮೃದಂಗದ ಎಡಮಗ್ಗುಲು ಒಂದೊಂದು ಪೆಟ್ಟಿಗೂ ಬೇರೆ ಬೇರೆಯಾಗಿ ಕೇಳಲು ಶುರುವಾಗುತ್ತದೆ. ಬೇಸ್ ತೆಳುವಾಯಿತು ಅನ್ನಿಸಬಹುದು. ನಿಜವಾಗಿ ತೆಳುವಾಗಿಲ್ಲ, ಇಷ್ಟು ದಿನ ಹಾಡಿನಲ್ಲಿ ಇಲ್ಲದ ಬೇಸ್ ಕೇಳುತ್ತಿದ್ದಿರಿ.

ಯಾಕೆ ಹೀಗಾಯಿತು? ಕೊಳಾಯಿ ಕೆಳಗೆ ಬಿಂದಿಗೆ ಇಟ್ಟಾಗ ಕೇಳಿದ್ದೀರಲ್ಲ. ನೀರು ಏರಿದಂತೆ ಸದ್ದು ಸಣ್ಣಗಾಗುತ್ತಾ ಹೋಗುತ್ತದೆ. ಬೆನ್ನು ತಿರುಗಿಸಿ ನಿಂತಿದ್ದರೂ ತುಂಬಿತು ಅಂತ ಗೊತ್ತಾಗುತ್ತದೆ. ಒಳಗಿನ ಗಾಳಿ ಕಡಿಮೆಯಾದಷ್ಟೂ ಸ್ವರ ಮೇಲೇರುತ್ತದೆ. ಬಾಯಿ ಇರುವ ಯಾವ ಪಾತ್ರೆಗೂ ಅದರದ್ದೇ ಒಂದು ಸ್ವರ ಇದೆ. ಒಳಗೆ ಎಷ್ಟು ಗಾಳಿ, ಬಾಯಿ ಎಷ್ಟು ಅಗಲ, ಕತ್ತು ಎಷ್ಟು ಉದ್ದ, ಇವು ಮೂರೇ ಅದನ್ನು ತೀರ್ಮಾನಿಸುತ್ತವೆ. ಘಟದ ವಿದ್ವಾಂಸರು ಘಟದ ಬಾಯನ್ನು ಹೊಟ್ಟೆಗೆ ಒತ್ತಿ, ಬಿಟ್ಟು ನುಡಿಸುವುದು ಈ ಸ್ವರವನ್ನು ಆಡಿಸಲಿಕ್ಕೇ.

ನಿಮ್ಮ ಬಾಕ್ಸ್ ಲೆಕ್ಕ ಹಾಕಿದೆ. 40 ಲೀಟರ್ ಗಾಳಿ, 10 ಸೆಂ.ಮೀ. ಬಾಯಿ. ಪೈಪ್ ಇಲ್ಲದ ಕಾರಣ ಕತ್ತು ಅಂದರೆ ಹಲಗೆಯ ದಪ್ಪ ಮಾತ್ರ. ಅದರ ಸ್ವರ ಸುಮಾರು 80 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 80 ನಡುಕಕ್ಕೆ ಬರುತ್ತದೆ. 40 ಹರ್ಟ್ಸ್ ಸುತ್ತ ಇರಬೇಕಿದ್ದದ್ದು ಒಂದು ಸ್ಥಾಯಿ ಮೇಲೆ ಕೂತಿದೆ. ಗಂಡಸಿನ ಮಾತಿನ ಆಧಾರ ಸ್ವರ ಸಾಮಾನ್ಯವಾಗಿ 85ರಿಂದ 180 ಹರ್ಟ್ಸ್ ಒಳಗಿರುತ್ತದೆ. ಅಂದರೆ ಹರಿಕಥೆ ದಾಸರು ಬಾಯಿ ತೆರೆದಾಗಲೆಲ್ಲ ನಿಮ್ಮ ಬಾಕ್ಸ್ ಕೂಡ ಜೊತೆಗೆ ಬಾಯಿ ತೆರೆಯುತ್ತಿತ್ತು. ಗುಡಾಣ ಅಂತ ನೀವು ಬರೆದದ್ದು ಅಕ್ಷರಶಃ ಸರಿ.

ಹಲಸಿನ ಮರದ ವಿಷಯಕ್ಕೂ ಇದೇ ಉತ್ತರ. ವೀಣೆಯ ಕೊಡ ಹಾಡಬೇಕು. ತಂತಿ ಒಂದೇ ಇದ್ದರೆ ಸದ್ದು ಎಷ್ಟು ಬಂದೀತು? ಮರ ನಡುಗಿದರೇ ನಾದ. ಮೃದಂಗದ ಕಟ್ಟಿಗೆಯೂ ಹಾಗೆಯೇ. ಆ ಮರದ ಗುಣವೇ ವಾದ್ಯದ ಗುಣ. ಸ್ಪೀಕರ್ ವಾದ್ಯ ಅಲ್ಲ. ವೀಣೆಯ ನಾದ ಆಗಲೇ ರೆಕಾರ್ಡಿಂಗ್ ಒಳಗಿದೆ, ಹಲಸಿನ ಮರದ ಸಮೇತ. ಅದಕ್ಕೆ ನಮ್ಮ ಮನೆಯ ಪೆಟ್ಟಿಗೆ ಇನ್ನೊಂದು ಮರದ ದನಿ ಸೇರಿಸಿದರೆ ವೀಣೆ ಕೆಡುತ್ತದೆ. ನಾಗಸ್ವರಕ್ಕೂ ಅದೇ ಮರದ ದನಿ, ತಮಟೆಗೂ ಅದೇ, ಹೆಂಗಸಿನ ಕಂಠಕ್ಕೂ ಅದೇ. ಪೆಟ್ಟಿಗೆ ಹಾಡಬಾರದು. ಸ್ಪೀಕರಿನ ಕೋನ್, ಅಂದರೆ ಮುಂದೆ ಕಾಣುವ ಕಾಗದದ ಬಾಯಿ ಮಾತ್ರ ಅಲುಗಬೇಕು, ಉಳಿದದ್ದೆಲ್ಲ ಸುಮ್ನೆ ಇರಬೇಕು. ಇಷ್ಟು ವರ್ಷ ಸ್ಪೀಕರ್ ಕಟ್ಟಿ ನಾನು ಗಟ್ಟಿಯಾಗಿ ನಂಬಿರುವ ಮಾತು ಇದೊಂದೇ. ಮುಂದೆ ಹೇಳುವುದೆಲ್ಲ ಇದನ್ನು ಸಾಧಿಸುವ ದಾರಿ.

ಚೀಟಿಯ ಮೂರು ಸಂಖ್ಯೆಗೆ ಬರೋಣ. ಒಂದು ಕಾಲದಲ್ಲಿ ಬಾಕ್ಸ್ ಅಳತೆ ಅಂದರೆ ಅಂದಾಜು, ಅನುಭವ. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್ ಅದಕ್ಕೊಂದು ಲೆಕ್ಕ ಕೊಟ್ಟರು. 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಪೂರ್ತಿ ಮಾಡಿದರು. ಅದಕ್ಕೇ ಇವುಗಳನ್ನು ಥೀಲ್-ಸ್ಮಾಲ್ ಸಂಖ್ಯೆ ಅನ್ನುತ್ತಾರೆ. ಇವು ಇಲ್ಲದ ವೂಫರ್ ಕೊಳ್ಳಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಮ್ಯಾಗ್ನೆಟ್ ಎಷ್ಟು ದಪ್ಪ, ಎಷ್ಟು ವ್ಯಾಟ್ ಅಂತ ನೋಡಿ ಕೊಂಡರೆ ಬಾಕ್ಸ್ ಮಾಡಲು ಆಧಾರವೇ ಇರುವುದಿಲ್ಲ.

ಎಫ್‌ಎಸ್ ಅಂದರೆ ವೂಫರ್ ತಾನಾಗಿ ಅಲುಗುವ ಸ್ವರ. ತಮಟೆ ಬಡಿಯುವವರು ಮೊದಲು ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಾರಲ್ಲ, ಚರ್ಮ ಬಿಗಿದು ಸ್ವರ ಏರುತ್ತದೆ. ಕೋನ್ ಸುತ್ತಲಿನ ರಬ್ಬರ್, ಒಳಗಿನ ಸ್ಪೈಡರ್ (ಕೋನನ್ನು ಹಿಂದಿನಿಂದ ಹಿಡಿದಿರುವ ಬಟ್ಟೆಯ ಬಿಲ್ಲೆ) ಬಿಗಿಯಿದ್ದಷ್ಟೂ ಎಫ್‌ಎಸ್ ಮೇಲೆ, ಕೋನ್ ಭಾರವಿದ್ದಷ್ಟೂ ಕೆಳಗೆ. ಕ್ಯೂಟಿಎಸ್ ಅಂದರೆ ಅಲುಗಿದ ಕೋನ್ ಎಷ್ಟು ಬೇಗ ನಿಲ್ಲುತ್ತದೆ ಅನ್ನುವುದು. ಸಂಖ್ಯೆ ಚಿಕ್ಕದಿದ್ದರೆ ಬ್ರೇಕ್ ಗಟ್ಟಿ. ವಾಸ್ ಅಂದರೆ ಆ ಕೋನ್‌ನ ಹಿಡಿತ ಎಷ್ಟು ಲೀಟರ್ ಗಾಳಿಯ ಹಿಡಿತಕ್ಕೆ ಸಮ ಅನ್ನುವ ಲೆಕ್ಕ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಿ, ಗಾಳಿ ಸ್ಪ್ರಿಂಗ್ ಥರ ತಿರುಗಿ ತಳ್ಳುತ್ತದೆ. ಮುಚ್ಚಿದ ಬಾಕ್ಸ್‌ನೊಳಗಿನ ಗಾಳಿಯೂ ಕೋನ್‌ಗೆ ಹಾಗೇ ಸ್ಪ್ರಿಂಗ್ ಆಗುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಈ ಗಾಳಿ ಸ್ಪ್ರಿಂಗನ್ನೇ ನಂಬಿ ಸಣ್ಣ ಪೆಟ್ಟಿಗೆಯಿಂದ ಆಳದ ಬೇಸ್ ತೆಗೆದು ತೋರಿಸಿದರು.

ಚೀಟಿ ಇಲ್ಲದವರಿಗೆ ಒಂದು ದಾರಿ ಹೇಳಿಬಿಡುತ್ತೇನೆ. ಬಹಳ ಜನ ಕೇಳುತ್ತಾರೆ. ವೂಫರ್‌ಗೆ ಸಾಲಾಗಿ ಒಂದು 1000 ಓಮ್ ರೆಸಿಸ್ಟರ್ ಹಾಕಿ, ಮೊಬೈಲ್ ಟೋನ್ ಆಪ್‌ನಿಂದ ಆಂಪ್ಲಿಫೈಯರ್ ಮೂಲಕ ಸ್ವರ ಕೊಡಿ. ವೂಫರ್‌ನ ಎರಡು ಕಡ್ಡಿಗೆ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟ್ ನೋಡಿ. ಯಾವ ಸ್ವರದಲ್ಲಿ ವೋಲ್ಟ್ ಎಲ್ಲಕ್ಕಿಂತ ಜಾಸ್ತಿಯೋ ಅದೇ ಎಫ್‌ಎಸ್. ಆಮೇಲೆ ಕೋನ್ ಮೇಲೆ, ನಡುವಿನ ಟೋಪಿಯ ಸುತ್ತ 10 ಗ್ರಾಂ ಜೇಡಿಮಣ್ಣು ಮೆತ್ತಿ ಮತ್ತೆ ಅಳೆಯಿರಿ. ತೂಕಕ್ಕೆ ನಾಣ್ಯ ಇಡಬೇಡಿ, ನಮ್ಮ ಸ್ಟೀಲ್ ನಾಣ್ಯಗಳನ್ನು ಮ್ಯಾಗ್ನೆಟ್ ಎಳೆಯುತ್ತದೆ, ಅಳತೆ ಕೆಡುತ್ತದೆ. ಚಿನ್ನದ ಅಂಗಡಿಯಲ್ಲಿ ಕೇಳಿದರೆ 10 ಗ್ರಾಂ ಮಣ್ಣು ಸರಿಯಾಗಿ ತೂಗಿಕೊಡುತ್ತಾರೆ. ನಿಮ್ಮ ವೂಫರ್‌ನಲ್ಲಿ ಹೀಗೆ ಮಾಡಿದರೆ 40 ಇದ್ದದ್ದು ಸುಮಾರು 30.5 ಹರ್ಟ್ಸ್‌ಗೆ ಇಳಿಯಬೇಕು. 40ನ್ನು 30.5ರಿಂದ ಭಾಗಿಸಿ, ವರ್ಗ ಮಾಡಿ, 1 ಕಳೆದು, ಅದರಿಂದ 10ನ್ನು ಭಾಗಿಸಿದರೆ ಅಲುಗುವ ಭಾಗದ ತೂಕ ಬರುತ್ತದೆ, ಸುಮಾರು 14 ಗ್ರಾಂ. ಅಲ್ಲಿಂದ ವಾಸ್‌ಗೆ ಹೋಗಬಹುದು. ಅಷ್ಟೂ ಗದ್ದಲವನ್ನು ಎಬ್ಬಿಸುತ್ತಿರುವುದು 14 ಗ್ರಾಂ ತೂಕದ ಒಂದು ಕಾಗದದ ತುಂಡು. ನನಗೆ ಇವತ್ತಿಗೂ ಅದು ಅಚ್ಚರಿಯೇ.

ಈಗ ನಿಮ್ಮ ಬಾಕ್ಸ್. ನಿಮ್ಮ ಸಂಖ್ಯೆಗೆ ಪೈಪ್ ಇರುವ ಬಾಕ್ಸ್ ತುಂಬಾ ಚೆನ್ನಾಗಿ ಹೊಂದುತ್ತದೆ. 28 ಲೀಟರ್, 40 ಹರ್ಟ್ಸ್ ಶ್ರುತಿ. ಒಳಗೆ 7 ಸೆಂ.ಮೀ. ಅಗಲ ಇರುವ ಪಿವಿಸಿ ಪೈಪ್ ಸುಮಾರು 20.6 ಸೆಂ.ಮೀ. ಉದ್ದ. ಬೇಸ್ 40 ಹರ್ಟ್ಸ್‌ವರೆಗೂ ಇಳಿಯುತ್ತದೆ. ಕಾಗದದ ಮೇಲೆ ಯಾರು ನೋಡಿದರೂ ಇದನ್ನೇ ಮಾಡಿ ಅನ್ನುತ್ತಾರೆ.

ಆದರೆ ನಾನು ನಿಮಗೆ ಅದನ್ನು ಹೇಳುವುದಿಲ್ಲ. ಕಾರಣ ನಿಮ್ಮ ಹಾಲ್. 14 ಅಡಿ ಅಂದರೆ 4.27 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎರಡು ಗೋಡೆಯ ನಡುವೆ ಅರ್ಧ ಅಲೆ ಸರಿಯಾಗಿ ಕೂರುವ ಸ್ವರ ಲೆಕ್ಕ ಹಾಕಿದರೆ ಉದ್ದಕ್ಕೆ 40 ಹರ್ಟ್ಸ್, 10 ಅಡಿ ಅಗಲಕ್ಕೆ 56 ಹರ್ಟ್ಸ್. ಆ ಎರಡು ಸ್ವರಗಳನ್ನು ಕೋಣೆ ತಾನೇ ಎತ್ತಿ ಹಾಡುತ್ತದೆ. ತೆಳು ಇಟ್ಟಿಗೆ ಗೋಡೆ, ಶೀಟ್ ಮಾಡು ಇದ್ದರೆ ಸ್ವಲ್ಪ ಬೇಸ್ ಆಚೆ ಸೋರಿ ಹೋಗುತ್ತದೆ. ನಿಮ್ಮದು ಕಲ್ಲು ಚಪ್ಪಡಿ. ಏನೂ ಸೋರುವುದಿಲ್ಲ. ಬಾಕ್ಸ್ ಕೂಡ 40, ಕೋಣೆ ಕೂಡ 40 ಆದರೆ ಈಗಿನ ಗುಂ ಹೋಗಿ ಇನ್ನೊಂದು ಗುಂ ಬರುತ್ತದೆ, ಅಷ್ಟೇ.

ಅದಕ್ಕೆ ನಿಮಗೆ ಪೂರ್ತಿ ಮುಚ್ಚಿದ ಬಾಕ್ಸ್. ಲೆಕ್ಕ ಸುಲಭ. ವಾಸ್ 30ನ್ನು ಬಾಕ್ಸ್‌ನ ಲೀಟರಿನಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಿರಿ. 15 ಲೀಟರ್ ಬಾಕ್ಸ್ ಆದರೆ 2ಕ್ಕೆ 1 ಕೂಡಿಸಿ 3, ವರ್ಗಮೂಲ 1.73. ಎಫ್‌ಎಸ್‌ಗೂ ಕ್ಯೂಟಿಎಸ್‌ಗೂ ಅದರಿಂದಲೇ ಗುಣಿಸಿ. 40 ಹೋಗಿ 69 ಹರ್ಟ್ಸ್ ಆಗುತ್ತದೆ, 0.38 ಹೋಗಿ 0.66 ಆಗುತ್ತದೆ. ಈ ಎರಡನೆಯ ಸಂಖ್ಯೆ 0.7 ಹತ್ತಿರ ಇದ್ದರೆ ಬೇಸ್ ಸಮವಾಗಿರುತ್ತದೆ, 1 ದಾಟಿದರೆ ಉಬ್ಬುತ್ತದೆ. ನಾನು ಸ್ವಲ್ಪ ಕೆಳಗೇ ಇಡುತ್ತೇನೆ, ಪೆಟ್ಟು ಬಿದ್ದ ತಕ್ಷಣ ನಿಲ್ಲಬೇಕು ಅಂತ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರ ಹೆಸರು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು, ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಪಡೆದವರು. ಒಳ್ಳೆಯ ಕೈ ತಮಟೆ ಬಡಿದಾಗ ಪೆಟ್ಟಿಗೂ ಪೆಟ್ಟಿಗೂ ನಡುವೆ ಖಾಲಿ ಜಾಗ ಕೇಳುತ್ತದೆ, ಅಲ್ವಾ? ಆ ಖಾಲಿ ಜಾಗ ಉಳಿಯದಿದ್ದರೆ ಅದು ತಮಟೆಯೇ ಅಲ್ಲ. 69 ಹರ್ಟ್ಸ್ ಕೆಳಗೆ ಬೇಸ್ ಮೆಲ್ಲಗೆ ಇಳಿಯುತ್ತದೆ. ಇಳಿದಷ್ಟನ್ನು ನಿಮ್ಮ ಕಲ್ಲಿನ ಕೋಣೆ ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ.

ಅಳತೆ ಬರೆದುಕೊಳ್ಳಿ. ಒಳಗೆ ಅಗಲ 18.4, ಎತ್ತರ 36, ಆಳ 25 ಸೆಂ.ಮೀ. ಇದು ಹದಿನಾರೂವರೆ ಲೀಟರ್. ವೂಫರ್‌ನ ಮ್ಯಾಗ್ನೆಟ್, ಒಳಗಿನ ಅಡ್ಡಪಟ್ಟಿ ತಿನ್ನುವುದನ್ನು ಕಳೆದರೆ 15 ಉಳಿಯುತ್ತದೆ. 18 ಎಂಎಂ ಹಲಗೆ ಹಾಕಿದರೆ ಹೊರಗೆ 22ಕ್ಕೆ 39.6ಕ್ಕೆ 28.6. ಎರಡು ಬಾಕ್ಸ್‌ಗೂ ಸೇರಿ ಒಂದು ಚದರ ಮೀಟರ್‌ಗಿಂತ ಕಡಿಮೆ ಹಲಗೆ ಸಾಕು, 8ಕ್ಕೆ 4 ಅಡಿ ಶೀಟಿನಲ್ಲಿ ಮೂರನೇ ಒಂದು ಭಾಗ. ಉಳಿದದ್ದನ್ನು ಬಿಸಾಕಬೇಡಿ, ಅಡ್ಡಪಟ್ಟಿಗೆ, ಸ್ಟ್ಯಾಂಡ್‌ಗೆ ಬೇಕಾಗುತ್ತದೆ.

ಯಾವ ಹಲಗೆ? ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಸುಮ್ಮನಿರುವ ಗುಣದಲ್ಲಿ ಒಳ್ಳೆಯದು, ಕೊಯ್ಯಲೂ ಸುಲಭ. ಆದರೆ ನೀರು ತಾಗಿದರೆ ಅಂಚು ಬ್ರೆಡ್ ಥರ ಉಬ್ಬುತ್ತದೆ, ಕೊಯ್ಯುವಾಗ ಏಳುವ ಧೂಳು ಎದೆಗೆ ಕೆಟ್ಟದ್ದು. ಮೂಗು ಬಾಯಿಗೆ ಮಾಸ್ಕ್ ಇಲ್ಲದೆ ಆಚಾರ್ರನ್ನು ಅದರ ಮುಂದೆ ನಿಲ್ಲಿಸಬೇಡಿ. ನಾನು ಒಳ್ಳೆಯ 18 ಎಂಎಂ ಪ್ಲೈವುಡ್ ಆರಿಸುತ್ತೇನೆ. ನೀರಿಗೆ ತಡೆಯುವ ಐಎಸ್ 710 ಗುರುತಿನದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಅಗ್ಗದ ಪ್ಲೈನಲ್ಲಿ ಒಳಪದರಗಳ ನಡುವೆ ಟೊಳ್ಳು ಇರುತ್ತದೆ, ಅಲ್ಲೇ ಜುಂಯ್ ಅನ್ನುತ್ತದೆ. ಕೊಯ್ದ ಅಂಚು ನೋಡಿದರೆ ಟೊಳ್ಳು ಕಣ್ಣಿಗೆ ಕಾಣುತ್ತದೆ.

ಆಚಾರ್ರಿಗೆ ಮೂರು ಮಾತು ಹೇಳಿ. ಮೊಳೆ ಬೇಡ, ಫೆವಿಕಾಲ್ ಮತ್ತು ಸ್ಕ್ರೂ. ಎಲ್ಲ ಒಳಮೂಲೆಗೂ ಗಮ್ ಬೆರಳಿನಿಂದ ಎಳೆಯಬೇಕು. ಎರಡು ಪಕ್ಕದ ಹಲಗೆಗಳ ನಡುವೆ ಹೆಚ್ಚುಕಡಿಮೆ ಅರ್ಧ ಎತ್ತರದಲ್ಲಿ ಒಂದು ಅಡ್ಡಪಟ್ಟಿ ಬರಬೇಕು, ಸರಿಯಾಗಿ ನಡುವೆ ಬೇಡ, ಸ್ವಲ್ಪ ಓರೆಗೆ. ಒಣಗಿದ ಮೇಲೆ ನೀವು ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ಬೆರಳ ಗೆಣ್ಣಿನಿಂದ ಎಲ್ಲ ಕಡೆ ತಟ್ಟಿ. ಟೊಣ್ ಅಂದ ಕಡೆ ಇನ್ನೊಂದು ಪಟ್ಟಿ ಬೇಕು. ಟಕ್ ಅಂತ ಸತ್ತ ಸದ್ದು ಬಂದರೆ ಸರಿ. ನಿಮ್ಮ ಈಗಿನ 12 ಎಂಎಂ ಬಾಕ್ಸ್ ಹೀಗೆ ತಟ್ಟಿ ನೋಡಿ, ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಗಾಳಿ ಸೋರಬಾರದು. ವೂಫರ್ ಕೂರಿಸುವ ಅಂಚಿಗೆ ತೆಳು ಫೋಮ್ ಪಟ್ಟಿ, ವೈರ್ ಬರುವ ತೂತಿಗೆ ಸಿಲಿಕೋನ್. ಪರೀಕ್ಷೆಗೆ 30, 40 ಹರ್ಟ್ಸ್ ಸ್ವರ ಮೆಲ್ಲಗೆ ಹಾಕಿ, ಊದುಬತ್ತಿ ಹಚ್ಚಿ ಜೋಡಣೆಯ ಸುತ್ತ ನಿಧಾನವಾಗಿ ಹಿಡಿಯಿರಿ. ಹೊಗೆ ನೇರವಾಗಿ ಏಳುತ್ತಿದ್ದದ್ದು ಒಂದು ಕಡೆ ನಡುಗಿದರೆ ಅಲ್ಲಿ ಸೋರುತ್ತಿದೆ.

ಒಳಗೆ ತುಂಬಲು ದಿಂಬಿಗೆ ಹಾಕುವ ಪಾಲಿಯೆಸ್ಟರ್ ಹತ್ತಿ ಸಾಕು. ಸಡಿಲವಾಗಿ ತುಂಬಿ, ಅಮುಕಬೇಡಿ. ಕೋನ್ ಹಿಂದಿನಿಂದ ಬರುವ ಸದ್ದು ಹಿಂಬದಿ ಹಲಗೆಗೆ ಬಡಿದು ಕಾಗದದ ಮೂಲಕವೇ ಮತ್ತೆ ಹೊರಬರುತ್ತದೆ. ಮಾತು ಮಸುಕಾಗಲು ಅದೂ ಒಂದು ಕಾರಣ. ಗ್ಲಾಸ್ ವೂಲ್ ಮಾತ್ರ ಬೇಡ, ಅದರ ಎಳೆ ಮನೆಯೊಳಗೆ ಹಾರುವುದು ಒಳ್ಳೆಯದಲ್ಲ.

ಇನ್ನು ಕ್ರಾಸೋವರ್, ಅಂದರೆ ಕೆಳಗಿನ ಸ್ವರ ವೂಫರ್‌ಗೆ, ಮೇಲಿನ ಸ್ವರ ಟ್ವೀಟರ್‌ಗೆ ಹಂಚುವ ಜೋಡಣೆ. ಬೇಸ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಇದರ ಬಗ್ಗೆ ಕೇಳುವವರು ಕಡಿಮೆ. ಆದರೆ ಹಾಡುವವರು ಎದುರು ಕೂತ ಹಾಗೆ ಕೇಳಬೇಕಾದರೆ ಕೆಲಸ ಇರುವುದು ಇಲ್ಲೇ.

ಈಗ ನೀವು ಟ್ವೀಟರ್‌ಗೆ ಒಂದು ಕೆಪಾಸಿಟರ್ ಹಾಕಿದ್ದೀರಿ, ವೂಫರ್ ನೇರವಾಗಿ ಆಂಪ್ಲಿಫೈಯರ್‌ಗೆ ಹೋಗಿದೆ. ಆರೂವರೆ ಇಂಚಿನ ಕೋನ್ ಮೇಲಿನ ಸ್ವರಗಳಲ್ಲಿ ಒಟ್ಟಾಗಿ ಅಲುಗುವುದಿಲ್ಲ. ಅಂಚು ಒಂದು ಕಡೆ, ನಡು ಒಂದು ಕಡೆ ನಡುಗುತ್ತದೆ. ಆ ಸದ್ದೂ ಟ್ವೀಟರ್ ಸದ್ದೂ ಒಂದರ ಮೇಲೊಂದು ಬಿದ್ದು ಶಕಾರ ಸಕಾರ ಎಲ್ಲ ಕೆರೆದ ಹಾಗೆ ಆಗುತ್ತದೆ. 2500 ಹರ್ಟ್ಸ್‌ನಲ್ಲಿ ಇಬ್ಬರಿಗೂ ಕೆಲಸ ಹಂಚೋಣ. ಅಲ್ಲಿ ಅಲೆಯ ಉದ್ದ 13.7 ಸೆಂ.ಮೀ. ವೂಫರ್, ಟ್ವೀಟರ್ ಒಂದಕ್ಕೊಂದು ಅಂಟಿದ ಹಾಗೆ ಕೂರಿಸಿದರೆ ನಡುವಿಂದ ನಡುವಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ಅದಕ್ಕಿಂತ ದೂರ ಇಡಬೇಡಿ. ಟ್ವೀಟರ್‌ನ ಎಫ್‌ಎಸ್ 1200ಕ್ಕಿಂತ ಕೆಳಗಿದೆಯಾ ಅಂತ ಚೀಟಿಯಲ್ಲಿ ನೋಡಿಕೊಳ್ಳಿ. ಇಲ್ಲದಿದ್ದರೆ ಇನ್ನೂ ಮೇಲೆ ಹಂಚಬೇಕಾಗುತ್ತದೆ.

ಪುಸ್ತಕದ ಲೆಕ್ಕದಲ್ಲಿ 8 ಓಮ್‌ಗೆ 1 ಮಿಲಿಹೆನ್ರಿ ಕಾಯಿಲ್, 4 ಮೈಕ್ರೋಫ್ಯಾರಡ್ ಕೆಪಾಸಿಟರ್ ಬರುತ್ತದೆ. ವೂಫರ್‌ಗೆ ಕಾಯಿಲ್ ಸಾಲಿನಲ್ಲಿ, ಕೆಪಾಸಿಟರ್ ಅಡ್ಡಕ್ಕೆ, ಅಂದರೆ ಪ್ಲಸ್‌ನಿಂದ ಮೈನಸ್‌ಗೆ. ಟ್ವೀಟರ್‌ಗೆ ತಲೆಕೆಳಗು, ಜೊತೆಗೆ ಅದರ ಪ್ಲಸ್ ಮೈನಸ್ ಅದಲುಬದಲು. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕ್ರಾಸೋವರ್ ಇಷ್ಟೇ ಮಾಡಿರುತ್ತದೆ. ಅದು ಸಾಲದು, ಯಾಕೆಂದರೆ ವೂಫರ್ 8 ಓಮ್‌ನಲ್ಲಿ ನಿಲ್ಲುವುದಿಲ್ಲ. ಅದರ ಒಳಗಿನ ಕಾಯಿಲ್‌ನಿಂದಾಗಿ ಸ್ವರ ಏರಿದಂತೆ ಓಮ್ ಏರುತ್ತಲೇ ಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ವೂಫರ್‌ಗೆ ಅಡ್ಡಲಾಗಿ ಒಂದು 7.5 ಓಮ್ ರೆಸಿಸ್ಟರ್, ಅದರ ಸಾಲಿಗೆ 9 ಮೈಕ್ರೋಫ್ಯಾರಡ್ ಹಾಕಿ. ವೂಫರ್‌ನ ಡಿಸಿ ಓಮ್ 6, ಇಂಡಕ್ಟೆನ್ಸ್ ಅರ್ಧ ಮಿಲಿಹೆನ್ರಿ ಅಂತ ಇಟ್ಟು ಹಾಕಿದ ಲೆಕ್ಕ ಇದು. ನಿಮ್ಮದು ಅಳೆದು ನೋಡಿ ಬದಲಿಸಿಕೊಳ್ಳಿ.

ಇನ್ನೊಂದು ತೊಡಕಿದೆ. ಬಹಳ ಜನ ಇಲ್ಲೇ ಸೋಲುತ್ತಾರೆ. ಮೇಲಿನ ಸ್ವರಗಳಿಗೆ ನಿಮ್ಮ 22 ಸೆಂ.ಮೀ. ಅಗಲದ ಮುಂದಿನ ಹಲಗೆ ಗೋಡೆ ಇದ್ದ ಹಾಗೆ, ಸದ್ದೆಲ್ಲ ಮುಂದಕ್ಕೇ ಬರುತ್ತದೆ. ಕೆಳಗಿನ ಸ್ವರಗಳ ಅಲೆ ಉದ್ದ, ಅವು ಬಾಕ್ಸನ್ನು ಬಳಸಿ ಹಿಂದಕ್ಕೂ ಹೋಗುತ್ತವೆ. ನಿಮ್ಮ ಅಗಲಕ್ಕೆ ಈ ಬದಲಾವಣೆ ಸುಮಾರು 520 ಹರ್ಟ್ಸ್ ಸುತ್ತ ಆಗುತ್ತದೆ. ಬಯಲಿನಲ್ಲಾದರೆ ವ್ಯತ್ಯಾಸ 6 ಡಿಬಿ, ಗೋಡೆ ಹತ್ತಿರ ಇಟ್ಟರೆ ಮೂರು ನಾಲ್ಕು. ಸರಿಪಡಿಸದೆ ಬಿಟ್ಟರೆ ಕಂಠಕ್ಕೆ ಎದೆಯೇ ಇರುವುದಿಲ್ಲ, ಗಂಟಲಿನಿಂದ ಮೇಲೆ ಮಾತ್ರ ಹಾಡಿದ ಹಾಗೆ ಕೇಳುತ್ತದೆ. ಅದಕ್ಕೆ ವೂಫರ್ ಕಾಯಿಲ್ 1 ಬದಲು 1.5 ಮಿಲಿಹೆನ್ರಿ ಮಾಡಿ. ಮೇಲಿನದ್ದು ಸ್ವಲ್ಪ ತಗ್ಗಿ ಕೆಳಗಿನದ್ದಕ್ಕೆ ಸಮ ಬರುತ್ತದೆ. ಆಗ ವೂಫರ್ ಲೆಕ್ಕಕ್ಕೆ 83, 84 ಡಿಬಿ ಆಯಿತು, ಟ್ವೀಟರ್ 91ರಲ್ಲೇ ಇದೆ. ಟ್ವೀಟರನ್ನು 7 ಡಿಬಿ ಇಳಿಸಲು ಸಾಲಿನಲ್ಲಿ 4.7 ಓಮ್, ಅಡ್ಡಕ್ಕೆ 6.8 ಓಮ್ ರೆಸಿಸ್ಟರ್. ಎರಡೂ 10 ವ್ಯಾಟ್‌ನವು ಇರಲಿ.

ಕಾಯಿಲ್ ಮನೆಯಲ್ಲೇ ಸುತ್ತಬಹುದು. ನಮ್ಮ ಕಡೆ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಅಂಗಡಿ ಇಲ್ಲದ ಊರಿಲ್ಲ. ಅಲ್ಲಿ ಎನಾಮಲ್ ತಾಮ್ರದ ತಂತಿ ತೂಕಕ್ಕೆ ಕೊಡುತ್ತಾರೆ. 1 ಎಂಎಂ ದಪ್ಪದ್ದು ಕೇಳಿ. 30 ಎಂಎಂ ದಪ್ಪದ ಮರದ ಅಥವಾ ಪಿವಿಸಿ ಉರುಳೆ, ಎರಡು ಕಡೆ ತಟ್ಟೆ, ನಡುವೆ 25 ಎಂಎಂ ಜಾಗ. ಅದರಲ್ಲಿ ಅಚ್ಚುಕಟ್ಟಾಗಿ 190 ಸುತ್ತು ಸುತ್ತಿದರೆ 1 ಮಿಲಿಹೆನ್ರಿ, 230 ಸುತ್ತಿದರೆ 1.5. ಒಂದು ಮಿಲಿಹೆನ್ರಿಗೆ ತಂತಿ ಸುಮಾರು 23 ಮೀಟರ್, 160 ಗ್ರಾಂ. ನೀವು ನೂಲು ಬಿಚ್ಚುವ ಕೈಯವರು, ಎಳೆಯ ಮೇಲೆ ಎಳೆ ಹತ್ತದ ಹಾಗೆ ಸುತ್ತುವುದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹತ್ತು ಸುತ್ತು ಜಾಸ್ತಿಯೇ ಸುತ್ತಿ, ಮಿಲಿಹೆನ್ರಿ ಅಳೆಯುವ ಎಲ್‌ಸಿಆರ್ ಮೀಟರ್ ಇಟ್ಟು ನೋಡುತ್ತಾ ಬಿಚ್ಚಿಕೊಂಡು ಬನ್ನಿ. ಒಳಗೆ ಕಬ್ಬಿಣದ ಸ್ಕ್ರೂ ಬೇಡ. ಎರಡು ಕಾಯಿಲ್ ಪಕ್ಕಪಕ್ಕ ಇಟ್ಟರೆ ಒಂದರ ಸದ್ದು ಇನ್ನೊಂದಕ್ಕೆ ಹತ್ತುತ್ತದೆ. ಒಂದನ್ನು ಮಲಗಿಸಿ, ಒಂದನ್ನು ನಿಲ್ಲಿಸಿ, ದೂರ ದೂರ ಇಡಿ. ಟ್ವೀಟರ್ ಸಾಲಿನ ಕೆಪಾಸಿಟರ್ ಪಾಲಿಪ್ರೊಪಿಲೀನ್ ಇರಲಿ, ಉಳಿದ ಕಡೆ ನಾನ್-ಪೋಲಾರ್ ಸಾಕು.

ಜೋಡಿಸುವಾಗ ಪ್ಲಸ್ ಮೈನಸ್ ಬಗ್ಗೆ ಎಚ್ಚರ. ವರ್ಷಗಳ ಹಿಂದೆ ನಾನು ಒಂದು ಮನೆಗೆ ಮಾಡಿಕೊಟ್ಟ ಜೋಡಿಯಲ್ಲಿ ಒಂದು ವೂಫರ್ ತಿರುವುಮುರುವಾಗಿತ್ತು. ಅವರು ಆರು ತಿಂಗಳು ಕೇಳಿದರು. ಹಾಡುವವರು ಎಲ್ಲಿ ನಿಂತಿದ್ದಾರೆ ಅಂತಲೇ ತಿಳಿಯುವುದಿಲ್ಲ ಅಂತ ಒಂದು ದಿನ ಹೇಳಿದರು. ವೈರ್ ತಿರುಗಿಸಿದ ಕ್ಷಣ ಕಂಠ ಎರಡು ಸ್ಪೀಕರ್‌ಗಳ ನಡುವೆ ಬಂದು ನಿಂತಿತು. ಆ ಮನೆಯ ಅಜ್ಜಿ ಕಣ್ಣೊರೆಸಿಕೊಂಡರು. ಅವತ್ತಿನಿಂದ ಒಂದು ಬ್ಯಾಟರಿ ಸೆಲ್ ಇಲ್ಲದೆ ನಾನು ಜೋಡಿಸುವುದಿಲ್ಲ. 1.5 ವೋಲ್ಟ್ ಸೆಲ್‌ನ ಪ್ಲಸ್ಸನ್ನು ವೂಫರ್ ಪ್ಲಸ್‌ಗೆ ತಾಗಿಸಿದರೆ ಕೋನ್ ಮುಂದಕ್ಕೆ ಬರಬೇಕು. ಟ್ವೀಟರ್‌ಗೆ ಸೆಲ್ ತಾಗಿಸಬೇಡಿ, ಅದರ ತಂತಿ ಕೂದಲಿನ ಹಾಗೆ ಸಣ್ಣದು.

ವ್ಯಾಟ್ ಪ್ರಶ್ನೆ ಚಿಕ್ಕದು. ವ್ಯಾಟ್ ಎರಡರಷ್ಟು ಮಾಡಿದರೆ ಸಿಗುವುದು 3 ಡಿಬಿ, ಕಿವಿಗೆ ಸ್ವಲ್ಪವೇ ಜಾಸ್ತಿ. ಎರಡರಷ್ಟು ಜೋರು ಅನ್ನಿಸಲು ಹತ್ತರಷ್ಟು ವ್ಯಾಟ್ ಬೇಕು. ನಿಮ್ಮ ಹಾಲ್‌ನಲ್ಲಿ ದಿನವೂ ಕೇಳುವಾಗ ಒಂದೆರಡು ವ್ಯಾಟ್ ಓಡುತ್ತಿರುತ್ತದೆ. 40 ಧಾರಾಳ.

ಅಳೆಯಲು ಆರ್‌ಇಡಬ್ಲ್ಯು ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಕ್ರಾಸೋವರ್ ಲೆಕ್ಕಕ್ಕೆ ವಿಟುಯಿಕ್ಸ್‌ಕ್ಯಾಡ್ ಇದೆ, ಅದೂ ಉಚಿತ. ಅಳತೆಗೇ ಮಾಡಿದ ಮೈಕ್ ಒಂದು ಬೇಕು. ಕೋಣೆಯೊಳಗೆ ಅಳೆದರೆ ಕಲ್ಲಿನ ಗೋಡೆಯ ಸದ್ದೂ ಸೇರುತ್ತದೆ. ಬೆಳಗಿನ ಜಾವ ತಾರಸಿ ಮೇಲೆ ಹೋಗಿ, ಸ್ಪೀಕರ್ ಮತ್ತು ಮೈಕ್ ಎರಡನ್ನೂ ಒಂದೂವರೆ ಮೀಟರ್ ಎತ್ತರಕ್ಕೆ ಏರಿಸಿ, ಒಂದು ಮೀಟರ್ ದೂರ ಇಡಿ. ನೆಲಕ್ಕೆ ಬಡಿದು ಬರುವ ಸದ್ದು ಸುಮಾರು 6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ಅಷ್ಟರೊಳಗೆ ಕತ್ತರಿಸಿದರೆ 200 ಹರ್ಟ್ಸ್‌ನಿಂದ ಮೇಲಿನ ಚಿತ್ರ ಶುದ್ಧವಾಗಿ ಸಿಗುತ್ತದೆ. ಬೇಸ್‌ಗೆ ಮೈಕನ್ನು ಕೋನ್‌ನಿಂದ ಒಂದು ಸೆಂ.ಮೀ. ದೂರ ಹಿಡಿದು ಅಳೆಯಿರಿ. ನಾನು ಮೇಲೆ ಕೊಟ್ಟ ಕ್ರಾಸೋವರ್ ಸಂಖ್ಯೆಗಳೆಲ್ಲ ಶುರು ಮಾಡಲು ಮಾತ್ರ. ಕೊನೆಯ ಸಂಖ್ಯೆಯನ್ನು ಈ ಅಳತೆ ಹೇಳುತ್ತದೆ.

ಹಾಲ್‌ನಲ್ಲಿ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಟರ್ರ್ ಅಂತ ಬಾಲ ಕೇಳುತ್ತದೆ, ಅಲ್ವಾ? ಎದುರುಬದುರು ಬರಿಗೋಡೆಯ ಕೆಲಸ ಅದು. ನೀವು ಕೂರುವ ಜಾಗದಲ್ಲಿ ಕೂತು, ಮನೆಯವರು ಯಾರಿಗಾದರೂ ಪಕ್ಕದ ಗೋಡೆಯುದ್ದಕ್ಕೂ ಕನ್ನಡಿ ಹಿಡಿದು ನಡೆಯಲು ಹೇಳಿ. ಕನ್ನಡಿಯಲ್ಲಿ ಟ್ವೀಟರ್ ಕಂಡ ಜಾಗಕ್ಕೆ ಕುರಿ ಉಣ್ಣೆಯ ಕಂಬಳಿ ಎರಡು ಮಡಿಕೆ ಮಾಡಿ, ಗೋಡೆಗೆ ಅಂಟದ ಹಾಗೆ ನಾಲ್ಕು ಬೆರಳು ಬಿಟ್ಟು ತೂಗುಹಾಕಿ. ನೆಲಕ್ಕೆ ದಪ್ಪ ಜಮಖಾನ. ಕಂಬಳಿ ಬೇಸ್‌ಗೆ ಏನೂ ಮಾಡುವುದಿಲ್ಲ, ಅದಕ್ಕೇ ಬಾಕ್ಸ್‌ನಲ್ಲೇ ಬೇಸ್ ಹದ ಮಾಡಿದ್ದು. ಸ್ಪೀಕರ್ ಮೂಲೆಗೆ ತಳ್ಳಬೇಡಿ, ಹಿಂದಿನ ಗೋಡೆಯಿಂದ ಒಂದೂವರೆ ಅಡಿ ಮುಂದಿರಲಿ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು. ಕುರ್ಚಿಯಲ್ಲಿ ಕೂರುವವರಿಗೆ ನೆಲದಿಂದ ಸುಮಾರು 95 ಸೆಂ.ಮೀ., ಚಾಪೆ ಮೇಲೆ ಕೂತು ಹರಿಕಥೆ ಕೇಳುವವರಿಗೆ 75. ಮನೆಯಲ್ಲಿ ಜಾಸ್ತಿ ಜನ ಎಲ್ಲಿ ಕೂರುತ್ತಾರೋ ನೋಡಿ ಸ್ಟ್ಯಾಂಡ್ ಕೊಯ್ಯಿಸಿ.

ಕ್ರಾಸೋವರನ್ನು ತಕ್ಷಣ ಬಾಕ್ಸ್‌ನೊಳಗೆ ಹಾಕಿ ಮುಚ್ಚಬೇಡಿ. ಒಂದು ಹಲಗೆ ಚೂರಿನ ಮೇಲೆ ಜೋಡಿಸಿ ಬಾಕ್ಸ್‌ನ ಹಿಂದೆ ಹೊರಗೇ ಇಡಿ, ಒಂದು ತಿಂಗಳು. ಪ್ರತಿದಿನ ನಿಮಗೆ ಬಾಯಿಪಾಠ ಆಗಿರುವ ಒಂದೇ ಹರಿಕಥೆ ಹಾಕಿ ಕೇಳಿ. ಮಾತು ಮುಂದಕ್ಕೆ ಬಂದು ಕಿವಿಗೆ ಚುಚ್ಚಿದರೆ ಟ್ವೀಟರ್‌ನ 4.7 ಓಮ್ ಬದಲು 5.6 ಹಾಕಿ, ಮಂಕಾದರೆ 3.9. ಒಂದು ಸಲಕ್ಕೆ ಒಂದೇ ಬದಲಿಸಿ, ಎರಡು ದಿನ ಬಿಡಿ. ಚಿಟಿಕೆ ತಾಳದ ಅಂಚು, ದಾಸರು ಉಸಿರೆಳೆದುಕೊಳ್ಳುವ ಸದ್ದು, ಎರಡೂ ಬೇರೆ ಬೇರೆಯಾಗಿ ಕೇಳಿ ಸುಸ್ತಾಗದೆ ಒಂದು ಗಂಟೆ ಕೂರಲು ಆದರೆ, ಆಗ ಒಳಗಿಟ್ಟು ಸ್ಕ್ರೂ ಬಿಗಿಸಿ.